ಸೊಸೆ ತೊಳೆದು ಒಣಗಿಸಿದ ಕ್ಲಚ್ ಪ್ಲೇಟು

ನನ್ನ ಸೊಸೆ ಮನೆಯ ಜಗಲಿಯಲ್ಲೇ ಬೈಕಿನ ಕ್ಲಚ್ ಪ್ಲೇಟು ಬದಲಿಸಿದಳು ಎಂದರೆ ನಮ್ಮ ಊರು ಬೆಳುವಾಯಿಯಲ್ಲಿ ಈಗಲೂ ಒಬ್ಬಿಬ್ಬರು ನನ್ನ ಮುಖ ನೋಡುತ್ತಾರೆ. ನೋಡಲಿ. ಒಂದೇ ಸಲಕ್ಕೆ ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ಆಗಲಿಲ್ಲ. ಅದನ್ನೂ ಸೇರಿಸಿಯೇ ಹೇಳುತ್ತೇನೆ. ತಾನೇ ಕೂರಿಸಿದ್ದನ್ನು ತಾನೇ ಬಿಚ್ಚಿ ಮತ್ತೆ ಕೂರಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಬೈಕು ನನ್ನ ಮಗನದ್ದು. ಅವನಿರುವುದು ದುಬೈಯಲ್ಲಿ. ಅವನು ಹೋದ ಮೇಲೆ ಅದನ್ನು ಓಡಿಸುವವಳು ಸೊಸೆ. ಬೆಳಿಗ್ಗೆಯೂ ಸಂಜೆಯೂ ಹಿಂದಿನ ಸೀಟಿನ ಎರಡು ಬದಿಗೆ ಹಾಲಿನ ಕ್ಯಾನು ಕಟ್ಟಿ ಡೈರಿಗೆ ಹೋಗುತ್ತಾಳೆ. ಮನೆಯಿಂದ ಡಾಮರು ರಸ್ತೆಗೆ ಸೇರಬೇಕಾದರೆ ಜಲ್ಲಿ ಎದ್ದ ಏರು ಹತ್ತಬೇಕು. ಆ ಏರಿನಲ್ಲಿ ಬೈಕು ಬರೇ ಬೊಬ್ಬೆ ಹೊಡೆಯುವುದು, ಮುಂದೆ ಹೋಗದಿರುವುದು ಶುರುವಾಯಿತು. ಕ್ಲಚ್ ಪ್ಲೇಟು ಸವೆದಿದೆ ಎಂದು ಗ್ಯಾರೇಜಿನವನು ಹೇಳಿದ. ಮುಂದಿನ ವಾರ ತನ್ನಿ, ನೋಡುವ ಎಂದೂ ಹೇಳಿದ.

ಮಗ ಫೋನಿನಲ್ಲಿ ಬೇರೆಯೇ ದಾರಿ ತೆಗೆದ. “ಅದನ್ನು ಮಾರುವ. ಉಜಿರೆಯಲ್ಲಿ ನನ್ನ ದೋಸ್ತಿಯ ತಮ್ಮನಿಗೆ ಬೈಕು ಬೇಕಂತೆ. ನಿನಗೊಂದು ಸ್ಕೂಟರ್ ತೆಗೆಯುವ.”

“ಸ್ಕೂಟರಿನ ಸಣ್ಣ ಚಕ್ರ ಎರಡು ಕ್ಯಾನು ಹೊತ್ತುಕೊಂಡು ಈ ಜಲ್ಲಿ ಹತ್ತುತ್ತದಾ? ನೀವು ಅಲ್ಲಿ ಕೂತು ಹೇಳುವುದು ಸುಲಭ. ಪ್ಲೇಟು ನಾನೇ ಹಾಕ್ತೇನೆ,” ಎಂದಳು ಸೊಸೆ.

ಅವನು ನಕ್ಕ. “ಆದಿತ್ಯವಾರ ಅವನು ನೋಡ್ಲಿಕ್ಕೆ ಬರ್ತಾನೆ. ಅಷ್ಟರಲ್ಲಿ ಸರಿ ಮಾಡಿದರೆ ಮಾರುವುದಿಲ್ಲ, ಹೋಗು.”

ಫೋನು ಸ್ಪೀಕರಿನಲ್ಲಿತ್ತು. ನಾನು ತೆಂಗಿನ ಗರಿಯಿಂದ ಕಡ್ಡಿ ಸುಲಿಯುತ್ತಿದ್ದೆ. ಕಿವಿ ಸುಮ್ಮನಿರಲಿಲ್ಲ.

ಸೊಸೆ ಬಸ್ಸಿನಲ್ಲಿ ಮೂಡಬಿದಿರೆಗೆ ಹೋಗಿ ಪ್ಲೇಟು, ಇಂಜಿನ್ ಆಯಿಲ್ ತಂದಳು. ಕೆಲಸ ಹೇಗೆಂದು ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದಳು. ಅದರಲ್ಲಿ ಮಾತಾಡುವವನ ಭಾಷೆ ನಮಗಿಬ್ಬರಿಗೂ ಬರುವುದಿಲ್ಲ. ಅವನು ಒಂದು ತಟ್ಟೆಯಲ್ಲಿ ಪ್ಲೇಟುಗಳನ್ನು ಒಂದೊಂದಾಗಿ ಅದ್ದಿ ತೆಗೆಯುತ್ತಿದ್ದ. “ತೊಳೆಯುವುದು,” ಎಂದಳು ಅವಳು. ನಮ್ಮ ಮನೆಯಲ್ಲಿ ಅಂಗಡಿಯಿಂದ ತಂದ ಹೊಸ ಲೋಟ ಕೂಡ ತೊಳೆಯದೆ ಒಳಗೆ ಬರುವುದಿಲ್ಲ. ಹಾಗಾಗಿ ಅವಳು ಹೊಸ ಪ್ಲೇಟುಗಳನ್ನೂ, ಇಂಜಿನಿನ ಮುಚ್ಚಳ ಬಿಚ್ಚಿ ಹೊರತೆಗೆದ, ಅವುಗಳ ನಡುವೆ ಕೂರುವ ಹಳೆಯ ಕಬ್ಬಿಣದ ಪ್ಲೇಟುಗಳನ್ನೂ ಸೋಪಿನ ಪುಡಿ ಹಾಕಿ ಚೆಂದ ಮಾಡಿ ತೊಳೆದಳು. ಹಪ್ಪಳ ಒಣಗಿಸುವ ಮೊರದಲ್ಲಿ ಹರಡಿ ಅಂಗಳದ ಬಿಸಿಲಿಗಿಟ್ಟಳು. ಸಂಜೆ ಜಗಲಿಗೆ ತಂದು ಬಟ್ಟೆ ಮುಚ್ಚಿದಳು. ಮರುದಿನ ಒಂದು ಹೊಸತು, ಒಂದು ಕಬ್ಬಿಣ, ಹೀಗೆ ಅನುಕ್ರಮ ತಪ್ಪದೆ ಕೂರಿಸಿ, ಸ್ಪ್ರಿಂಗಿನ ಬೋಲ್ಟು ಬಿಗಿದು, ಮುಚ್ಚಳ ಹಾಕಿ, ಆಯಿಲ್ ಹೊಯ್ದಳು.

ಸ್ಟಾರ್ಟ್ ಆಯಿತು. ಕ್ಲಚ್ ಹಿಡಿದು ಗೇರಿಗೆ ಹಾಕಿದಳೋ ಇಲ್ಲವೋ, ಬೈಕು ಹಗ್ಗ ಬಿಚ್ಚಿದ ಕರುವಿನ ಹಾಗೆ ಹಾರಿ, ಬಚ್ಚಲಿನ ಕಟ್ಟಿಗೆ ರಾಶಿಗೆ ಗುದ್ದಿ ಬಂದ್ ಆಯಿತು.

ಬೈಕು ಕೆಟ್ಟಿದ್ದರಿಂದ ನಮ್ಮ ಹಾಲು ಡೈರಿಗೆ ಒಯ್ಯಲು ಬಂದಿದ್ದ ಪಕ್ಕದ ಮನೆಯ ರಿಕ್ಷಾದವನು ಇದನ್ನೆಲ್ಲ ನೋಡಿದ. “ಅಕ್ಕಾ, ಅದು ಕುಕ್ಕರಿನ ವಾಷರ್ ಅಲ್ಲ ಮಾರಾಯ್ರೆ,” ಎಂದ.

“ನಿನ್ನ ರಿಕ್ಷಾದ ಹಾರ್ನು ವರ್ಷ ಆಯಿತು ಕೂಗದೆ. ನೀನು ಕ್ಯಾನು ಹತ್ತಿಸು,” ಎಂದೆ ನಾನು.

ಸೊಸೆ ಗುದ್ದಿದ ಕಡೆ ಒಮ್ಮೆ ಸವರಿ ನೋಡಿದಳು, ಅಷ್ಟೆ. ಆಮೇಲೆ ಇಂಜಿನಿನ ಪಕ್ಕ ಕೂತು ಅತ್ತೆಯಾದ ನನ್ನನ್ನು ಕರೆದಳು. “ಮಾಮಿ, ಕ್ಲಚ್ ಹಿಡಿಯಿರಿ. ಬಿಡಿ. ಇನ್ನೊಮ್ಮೆ ಹಿಡಿಯಿರಿ. ಕೈ ನೋಯ್ತದಾ?”

“ಹಾಲು ಹಿಂಡಿದ ಕೈ ಇದು. ನೀನು ನೋಡುವುದನ್ನು ನೋಡು.”

ಕ್ಲಚ್ಚಿನ ಕೇಬಲ್ ಇಂಜಿನಿನ ಹತ್ತಿರದ ಸಣ್ಣ ಲಿವರನ್ನು ಪೂರ್ತಿ ಎಳೆಯುತ್ತದಾ ಎಂದು ಅವಳು ನೋಡಿದಳು. ಸ್ವಲ್ಪ ಸಡಿಲ ಇತ್ತು. ನಟ್ಟು ತಿರುಗಿಸಿ ಸರಿ ಮಾಡಿದಳು. ಆಗಲೂ ಹಾರಿತು. ಇಂಜಿನ್ ಬಂದ್ ಮಾಡಿ, ಗೇರಿನಲ್ಲಿಟ್ಟು, ನನ್ನ ಕೈಯಲ್ಲಿ ಕ್ಲಚ್ ಹಿಡಿಸಿ, ಹಿಂದಿನಿಂದ ದೂಡಿದಳು. ಚಕ್ರ ತಿರುಗಲಿಲ್ಲ.

“ಕೇಬಲ್ ಎಳೀತದೆ. ಆದ್ರೂ ಪ್ಲೇಟು ಒಂದನ್ನೊಂದು ಬಿಡುವುದಿಲ್ಲ. ತೊಂದರೆ ಒಳಗೇ ಉಂಟು ಮಾಮಿ,” ಎಂದಳು.

“ಹಾಗಾದರೆ ಬಿಚ್ಚು.”

“ಬಿಚ್ಚುವಾಗ ಪ್ಯಾಕಿಂಗ್ ಹರಿದರೆ? ನಾಳೆ ಆದಿತ್ಯವಾರ, ಅಂಗಡಿ ಇಲ್ಲ.”

ಪ್ಯಾಕಿಂಗ್ ಎಂದರೆ ಮುಚ್ಚಳಕ್ಕೂ ಇಂಜಿನಿಗೂ ನಡುವೆ ಇಡುವ ಕಾಗದದಂಥ ಹಾಳೆ. ಅದು ಹರಿದರೆ ಆಯಿಲ್ ಸೋರುತ್ತದೆ, ಬೈಕು ಉಜಿರೆಗೆ ಹೋಗುತ್ತದೆ. ಅವಳು ಆಯಿಲನ್ನು ಬೇಸಿನಿಗೆ ಇಳಿಸಿ, ನೀರುದೋಸೆ ಎಬ್ಬಿಸುವ ತೆಳ್ಳಗಿನ ಸಟ್ಟುಗ ತಂದು, ಅಂಚಿನಿಂದ ಸ್ವಲ್ಪ ಸ್ವಲ್ಪ ಎಬ್ಬಿಸಿದಳು. ಪ್ಯಾಕಿಂಗ್ ಇಡಿಯಾಗಿ ಬಂತು.

ಒಳಗೆ ಪ್ಲೇಟುಗಳು ಅಂಟಿ ಕೂತಿದ್ದವು. ಕಬ್ಬಿಣದವುಗಳ ಮೇಲೆ ಕಂದು ಬಣ್ಣ ಹತ್ತಿತ್ತು. ನಮ್ಮ ಊರಿನ ಗಾಳಿಗೆ ತೊಳೆದಿಟ್ಟ ಕತ್ತಿಯೇ ಬೆಳಗಾಗುವಾಗ ತುಕ್ಕು ಹಿಡಿಯುತ್ತದೆ, ಪ್ಲೇಟನ್ನು ಬಿಡುತ್ತದಾ? ಹೊಸ ಪ್ಲೇಟುಗಳ ನಡುಭಾಗ ರಟ್ಟಿನ ಹಾಗೆ ಒಣಗಿತ್ತು. ಸೊಸೆ ಕೈ ಒರೆಸಿಕೊಂಡು ಅದೇ ವಿಡಿಯೋವನ್ನು ಮತ್ತೆ ಹಾಕಿದಳು, ನಿಲ್ಲಿಸಿದಳು, ಮತ್ತೆ ಹಾಕಿದಳು.

“ಮಾಮಿ, ಇವನ ಬೆರಳು ನೋಡಿ. ನೀರು ಹೀಗೆ ನೂಲಿನ ಹಾಗೆ ಇಳಿಯುವುದುಂಟಾ? ಇದು ಆಯಿಲ್. ಇವನು ತೊಳೆಯುವುದಲ್ಲ, ನೆನೆಸುವುದು! ನನ್ನದು ಎಂಥ ಮಂಡೆ ಮಾರಾಯ್ರೆ!”

“ಮಂಡೆ ಇದ್ದುದಕ್ಕೇ ಗೊತ್ತಾಯಿತು. ಮುಂದಿನ ಕೆಲಸ ನೋಡು,” ಎಂದೆ. ಅವಳಿಗೆ ನಗು ಬಂತು.

ಕಬ್ಬಿಣದ ಪ್ಲೇಟುಗಳ ಕಂದು ಹೋಗುವವರೆಗೆ ಇಬ್ಬರೂ ಕೂತು ಎಮರಿ ಕಾಗದದಲ್ಲಿ ಉಜ್ಜಿದೆವು. ಹೊಸ ಪ್ಲೇಟುಗಳನ್ನು ಅವಳು ಆಯಿಲಿನ ಬೇಸಿನಿನಲ್ಲಿ ಮುಳುಗಿಸಿದಳು. ಸಂಜೆ ದನದ ಹಟ್ಟಿಗೆ ಹೋಗುವ ಮೊದಲು ಮುಳುಗಿಸಿದ್ದು, ಬೆಳಿಗ್ಗೆ ಹಾಲು ಕರೆದಾದ ಮೇಲೆ ತೆಗೆದದ್ದು. ಮತ್ತೆ ಎಲ್ಲ ಕೂರಿಸಿ ಗೇರಿಗೆ ಹಾಕಿದಳು. ಬೈಕು ಅಲುಗಲಿಲ್ಲ. ಕ್ಲಚ್ ನಿಧಾನ ಬಿಟ್ಟಾಗ ಮಾತ್ರ, ಹೇಳಿದ ಮಾತು ಕೇಳುವ ದನದ ಹಾಗೆ, ಮುಂದೆ ಹೋಯಿತು. ಅಂಗಳಕ್ಕೆ ಎರಡು ಸುತ್ತು ಹಾಕಿ, ಇಳಿದು, ಮುಚ್ಚಳದ ಅಂಚಿಗೆ ಬೆರಳು ಸವರಿ ನೋಡಿದಳು. ಸೋರಿರಲಿಲ್ಲ.

ಉಜಿರೆಯವನು ಬಿಸಿಲೇರುವಾಗ ಬಂದ. ಒಳ್ಳೆಯ ಹುಡುಗನೇ. ಏರು ಹತ್ತಿಸಿ, ಮೇಲಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದ. “ಕ್ಲಚ್ ಹೋಗಿದೆ ಅಂತ ಹೇಳಿದ್ರು, ಬೆಣ್ಣೆಯ ಹಾಗೆ ಉಂಟಲ್ಲ ಅಮ್ಮ! ನಾನು ಈಗಲೇ ತಕೊಂಡು ಹೋಗ್ತೇನೆ,” ಎಂದ.

ಸೊಸೆಯ ಮುಖ ಇಳಿಯಿತು. ಅವಳು ಗಂಡನಿಗೆ ಫೋನು ಮಾಡಿದಳು. ನನ್ನ ಮಗ ರಾಗ ಎಳೆದ. “ಅಷ್ಟು ದೂರದಿಂದ ಬಂದಿದ್ದಾನಲ್ಲ ಮಾರಾಯ್ತಿ, ನಾನು ಹೇಗೆ ಇಲ್ಲ ಅನ್ನುವುದು…”

ನಾನು ಫೋನು ಕಿತ್ತುಕೊಂಡೆ. “ಸರಿ ಮಾಡಿದರೆ ಮಾರುವುದಿಲ್ಲ ಅಂದವನು ನೀನೋ, ಬೇರೆ ಯಾರೋ?”

“ಅಮ್ಮ, ಅದು ತಮಾಷೆಗೆ ಹೇಳಿದ್ದು.”

“ಅವಳು ತಮಾಷೆಗೆ ಬಿಚ್ಚಿದ್ದಲ್ಲ. ನೀನು ಬೈಕು ತೆಗೆದು ಇಷ್ಟು ವರ್ಷದಲ್ಲಿ ಪೆಟ್ರೋಲ್ ಹಾಕುವ ಮುಚ್ಚಳ ಬಿಟ್ಟು ಬೇರೆ ಏನಾದರೂ ಬಿಚ್ಚಿದ್ದುಂಟಾ?”

ಅವನು ಕೇಳಿದ, “ಹಾಗಾದರೆ ಅವನಿಗೆ ಏನು ಹೇಳುವುದು?”

“ನೀನು ಹೇಳುವುದು ಬೇಡ. ಬೊಂಡ ಕುಡಿಸಿ ಕಳಿಸ್ತೇನೆ.”

ಹುಡುಗ ಎಳನೀರು ಕುಡಿದ, ಬೇಸರ ಮಾಡಲಿಲ್ಲ. ಹೋಗುವಾಗ, ಯಾವ ಗ್ಯಾರೇಜಿನಲ್ಲಿ ಮಾಡಿಸಿದ್ದು ಎಂದು ಕೇಳಿದ. ನಾನು ಸೊಸೆಯನ್ನು ತೋರಿಸಿದೆ. ಅವಳು ಉಗುರಿನ ಸಂದಿನ ಕಪ್ಪು ತೆಗೆಯುತ್ತಾ ನಿಂತಿದ್ದಳು, ತಲೆ ಎತ್ತಲಿಲ್ಲ.

ಅವತ್ತು ಸಂಜೆ ಪಕ್ಕದ ಮನೆಯ ರಿಕ್ಷಾ ಬೇಕಾಗಲಿಲ್ಲ. ಅವಳು ಕ್ಯಾನು ಕಟ್ಟಿ ಹೊರಟಳು. ಏರಿನ ನಡುವೆ ಯಾರದ್ದೋ ದನ ಅಡ್ಡ ಬಂತು. ಬೈಕು ನಿಂತಿತು. ನಾನೂ ಅಂಗಳದಲ್ಲಿ ನಿಂತೆ. ದನ ದಾಟಿತು. ಅವಳು ಕ್ಲಚ್ ಬಿಟ್ಟಳು. ಎರಡು ಕ್ಯಾನು ತುಂಬ ಹಾಲು ಹೊತ್ತ ಬೈಕು ಹಿಂದೆ ಜಾರದೆ, ಬೊಬ್ಬೆ ಹೊಡೆಯದೆ ಏರು ಹತ್ತಿ ಹೋಯಿತು.