ಹೆಗಲು ಕೊಡುವ ಊರು

ಕುದಿಯುವ ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಒಲೆಯಿಂದ ಇಳಿಸುತ್ತಿದ್ದರು ಅವರು. ಅಂಗೈ ಚಪ್ಪಲಿಯ ಅಟ್ಟೆಯಷ್ಟು ಒರಟು, ಉಗುರಿನ ಸಂದಿಯಲ್ಲಿ ಯಾವಾಗಲೂ ಶೇಂಗಾದ ಕೆಂಪು ಸಿಪ್ಪೆ. ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಿ ಬೀಜ ಆರಿಸುವ ಕೂಲಿ. ನಮ್ಮ ಓಣಿಯ ಮೂಲೆಮನೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಹಾಗಾಗಿ ಓಣಿಗೆಲ್ಲ ಅವರು ಮೂಲೆಮನೆ ದೊಡ್ಡವ್ವ. ಅದೇ ಓಣಿಯಲ್ಲಿ ರವಿಕೆ ಹೊಲಿಯುತ್ತ ಕೂತಿದ್ದ ನನಗೂ ದೊಡ್ಡವ್ವನೇ.

ನಾವೆಲ್ಲ ಹುಟ್ಟಿದ ಊರಲ್ಲೋ ಕೊಟ್ಟ ಊರಲ್ಲೋ ಬಿದ್ದಿರುವವರು. ಅವರು ಮಾತ್ರ ತಾವಾಗಿ ಊರು ಆರಿಸಿಕೊಂಡವರು. ಮೊದಲು ಗಂಡನ ಜೊತೆ ಹೈದರಾಬಾದಿನಲ್ಲಿದ್ದರಂತೆ. ಮಕ್ಕಳಿಲ್ಲ. ಗಂಡ ತೀರಿಕೊಂಡ ದಿನ ಅಕ್ಕಪಕ್ಕದ ಒಂದು ಬಾಗಿಲೂ ತೆರೆಯಲಿಲ್ಲ. ಹೆಣ ಹೊರಲು ನಾಲ್ಕು ಜನ ಸಿಗದೆ, ಬೀದಿಯಲ್ಲಿ ಹೋಗುವವರ ಕಾಲಿಗೆ ಬಿದ್ದೆ ಅನ್ನುತ್ತಿದ್ದರು. ಅದನ್ನು ಹೇಳುವಾಗ ಮಾತ್ರ ಅವರ ದನಿ ಸಣ್ಣಗಾಗುತ್ತಿತ್ತು.

ಆಮೇಲೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ತಂಗಿಯ ಮನೆ ಸೇರಿದರು. ಒಂದು ದಿನ ಏನೋ ಕೆಲಸಕ್ಕೆ ಚಳ್ಳಕೆರೆಗೆ ಬಂದರೆ, ಊರೊಳಗೆ ಬಸ್ಸು ನಿಂತುಬಿಟ್ಟಿತು. ಎದುರಿಗೆ ಹೆಣದ ಮೆರವಣಿಗೆ. ರಸ್ತೆ ತುಂಬ ಜನ, ಅಂಗಡಿಗಳ ಶಟರು ಅರ್ಧ ಕೆಳಗೆ.

“ಯಾರಪ್ಪ ಸತ್ತಿದ್ದು, ಎಮ್ಮೆಲ್ಲೆನಾ?” ಅಂತ ಕಂಡಕ್ಟರನ್ನು ಕೇಳಿದರಂತೆ.

“ಅಲ್ಲಮ್ಮ, ಬಸ್‌ಸ್ಟ್ಯಾಂಡಿನಾಗೆ ಹೂವು ಮಾರ್ತಿದ್ದ ಮುದುಕಿ.”

ಅಷ್ಟೇ. ಅಲ್ಲೇ ಇಳಿದು ಆ ಜನರ ಹಿಂದೆ ಮಸಣದವರೆಗೂ ನಡೆದರು. ಸ್ವಲ್ಪ ದಿನದಲ್ಲೇ ಮೂಲೆಮನೆ ಹಿಡಿದರು. ತಂಗಿ ಬೈದಳಂತೆ, “ಬದುಕಾಕೆ ಊರು ಹುಡುಕ್ತಾರೆ, ಸಾಯಾಕೆ ಹುಡುಕ್ತಾರೇನೆ ಅಕ್ಕ?” ಅಂತ.

“ಸತ್ರೆ ಬರೋ ಜನ, ಬದುಕಿದ್ದಾಗ್ಲೂ ಬರ್ತಾರೆ ಕಣೇ” ಅಂದರಂತೆ ಇವರು.

ಹಾಗಂತ ಸುಮ್ಮನೆ ಕೂತು ಜನ ಬರಲಿ ಅಂತ ಕಾಯುವ ಹೆಂಗಸಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ತಂದು ಹಾಕಬೇಕು. ಊರಿನ ಯಾವ ಕೇರಿಯಲ್ಲಿ ಸಾವಾಗಲಿ, ಮೊದಲು ಹೋಗುವುದು ದೊಡ್ಡವ್ವನ ಅನ್ನ ಸಾರು. ಒಂದು ಮನೆಯ ಯಜಮಾನ ಬಾಗಿಲಲ್ಲೇ ತಡೆದು, “ನೀವು ಯಾವ ಜನ?” ಅಂದ. ಪಾತ್ರೆಯನ್ನು ಮೆಟ್ಟಿಲ ಮೇಲೆ ಕುಕ್ಕಿ, “ಅಳೋ ಜನ. ಮಕ್ಳು ಹಸಿದವ್ರೆ, ದಾರಿ ಬಿಡು” ಅಂದರು. ಅವನು ದಾರಿ ಬಿಟ್ಟ. ಬಿಡದೆ ಏನು ಮಾಡ್ತಾನೆ, ಆ ಗಂಟಲೇ ಹಾಗಿತ್ತು.

ಇನ್ನು ತಮ್ಮ ಚಟ್ಟಕ್ಕೆ ಹೆಗಲು ಕೊಡುವವರನ್ನು ಅವರೇ ಗೊತ್ತು ಮಾಡಿಟ್ಟಿದ್ದರು. ಮುಂದೆ ಕಿರಾಣಿ ಅಂಗಡಿಯವನು, ಅವನ ಪಕ್ಕಕ್ಕೆ ಆಟೋದವನು. ಹಿಂದೆ ಕ್ಷೌರದಂಗಡಿಯ ತಮ್ಮ, ಗಿರಣಿಯ ಹಮಾಲಿ ಸಾಬರು. ಆಟೋದವನು ಜ್ವರ ಬಂದು ಸೊರಗಿದಾಗ, “ಲೇ, ನನ್ನ ಕೆಡವ್ತೀಯ ನೀನು. ಮುದ್ದೆ ಉಣ್ಣು, ಇಲ್ಲಾಂದ್ರೆ ಬ್ಯಾರೆಯವ್ರನ್ನ ನೋಡ್ಕಂತೀನಿ” ಅಂತ ಬೀದಿಯಲ್ಲೇ ಜಗಳ. ಅವನೂ ಬಿಡುವವನಲ್ಲ. “ನಿಂಗೇನವ್ವ, ನಮ್ಮನ್ನೆಲ್ಲ ಹೊತ್ತು ಹಾಕಿ ಹೋಗೋಳು” ಅನ್ನುತ್ತಿದ್ದ. ನಾವು ನಗುತ್ತಿದ್ದೆವು. ನಗುವ ಮಾತೇ ಆಗಿತ್ತು ಆಗ.

ನನ್ನ ಗಂಡ ಹೋದಾಗ ನನಗೆ ಜಗತ್ತೇ ಬೇಡವಾಗಿತ್ತು. ನೆಂಟರು ಬಂದು ಅತ್ತರು, ಹೋದರು. ದೊಡ್ಡವ್ವ ಅಳಲಿಲ್ಲ. ಅನ್ನ ಕಲಸಿ ತುತ್ತು ಮಾಡಿ ಬಾಯಿಗೆ ಹಿಡಿದರು. “ಅಳಾಕೂ ಶಕ್ತಿ ಬೇಕು ಮಗಳೇ, ಉಣ್ಣು” ಅಂದರು. ದಾವಣಗೆರೆಗೆ ಬಂದುಬಿಡು ಎಂದು ನಮ್ಮಣ್ಣ ಕರೆದಾಗ ಹೊರಟೇ ನಿಂತಿದ್ದೆ. ಅವರು ಹೋಗಬೇಡ ಅನ್ನಲಿಲ್ಲ. “ಅಲ್ಲಿ ನಿನ್ನ ಬಾಗಿಲು ಬಡಿಯೋರು ಯಾರದಾರೆ, ನೋಡ್ಕಂಡು ಹೋಗು” ಅಂದರು, ಅಷ್ಟೇ. ನಾನು ಗಂಟು ಬಿಚ್ಚಿದೆ. ಇವತ್ತಿಗೂ ಇಲ್ಲೇ ಇದ್ದೇನೆ. ನಾನು ಬದುಕಿಕೊಂಡಿದ್ದರೆ ಅದು ಅವರಿಂದ.

ಕೊರೋನಾದ ಎರಡನೆಯ ಅಲೆಯಲ್ಲಿ ಅವರಿಗೂ ಬಂತು. ಉಸಿರು ಸಿಗದಾದಾಗ ಆಂಬುಲೆನ್ಸಿನಲ್ಲಿ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಒಯ್ದರು. ಊರೆಲ್ಲ ಬಂದ್. ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು, ಯಾರೂ ಕೆಳಗಿಳಿಯುವಂತಿರಲಿಲ್ಲ. ಕಿರಾಣಿ ಅಂಗಡಿಯವನು ಸ್ವತಃ ಜ್ವರದಲ್ಲಿ ಮಲಗಿದ್ದ. ಹೊರಟಿದ್ದ ಆಟೋದವನನ್ನು ಪೊಲೀಸರು ಊರಾಚೆಯಲ್ಲೇ ತಡೆದು ವಾಪಸ್ ಕಳಿಸಿದರು. ನಾನು ಹಾಲಿನ ಗಾಡಿಯವನನ್ನು ಕಾಡಿ ಬೇಡಿ, ಎರಡನೆಯ ದಿನ ದುರ್ಗ ಮುಟ್ಟಿದೆ. ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಬಿಸಿಲಲ್ಲಿ ಕೂತೆ.

ಮಧ್ಯಾಹ್ನ ಫೋನ್ ಬಂತು. ನರ್ಸಮ್ಮ ಒಬ್ಬರು ಪುಣ್ಯ ಕಟ್ಟಿಕೊಂಡು ತಮ್ಮ ಫೋನನ್ನು ದೊಡ್ಡವ್ವನ ಕಿವಿಗೆ ಹಿಡಿದಿದ್ದರು. ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ, “ಎಲ್ಲಿದೀಯೇ?” ಅಂದರು.

“ಇಲ್ಲೇ ಅದೀನಿ, ಗೇಟಿನ ಹತ್ರ.”

“ಯಾರ್ಯಾರು ಬಂದವ್ರೆ?”

ಸುತ್ತ ನೋಡಿದೆ. ಒಂದು ನಾಯಿ ನೆರಳಲ್ಲಿ ಮಲಗಿತ್ತು. ರಸ್ತೆ ಖಾಲಿ.

“ಎಲ್ಲಾ ಬಂದೀವಿ ದೊಡ್ಡವ್ವ” ಅಂದೆ. “ಕಿರಾಣಿ ಅಂಗಡಿಯಣ್ಣ ಬಂದವ್ನೆ, ಆಟೋದವ್ನು ಬಂದವ್ನೆ, ಸಾಬರು, ಕ್ಷೌರದಂಗಡಿ ತಮ್ಮ. ಗಿರಣಿ ಹೆಣ್ಮಕ್ಳೆಲ್ಲ ಬಂದವ್ರೆ. ನಿಲ್ಲಾಕೆ ಜಾಗ ಇಲ್ಲ.”

ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಬಿಸಿಲಾಗೆ ನಿಲ್ಲಬ್ಯಾಡ್ರಿ ಅನ್ನು ಎಲ್ರಿಗೂ” ಅಂದರು. “ಬಂದ್ರಲ್ಲ, ಸಾಕು. ಮನಿಗೆ ಹೋಗಿ ಉಣ್ರಿ.”

ಬೆಳಗಾಗುವ ಮೊದಲೇ ದೊಡ್ಡವ್ವ ಹೋದರು. ಹೆಣ ಕೊಡುವಂತಿಲ್ಲ, ಊರಿಗೆ ಒಯ್ಯುವಂತಿಲ್ಲ ಅಂದರು. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡ ನಾಲ್ಕು ಜನ ಅವರನ್ನು ಗಾಡಿಗೆ ಎತ್ತಿದರು. ಆ ನಾಲ್ವರು ಯಾರು, ಯಾವ ಊರಿನವರು, ಮುಖವೂ ಕಾಣಲಿಲ್ಲ. ಗೇಟಿನ ಕಂಬಿ ಹಿಡಿದು, “ಮೆಲ್ಲಗೆ ಎತ್ರಪ್ಪ, ನಮ್ಮ ದೊಡ್ಡವ್ವ” ಅಂತ ಕೂಗಿದೆ. ಅವರಲ್ಲೊಬ್ಬ ನನ್ನ ಕಡೆ ತಿರುಗಿ ತಲೆಯಾಡಿಸಿದ.