ಅಕ್ಕಿಚೀಲಕ್ಕೆ ಇಳಿದ ಕೈ

ಕುಚ್ಚಲಕ್ಕಿಯೊಳಗೆ ಮುಂಗೈವರೆಗೆ ಮುಳುಗಿದ ಒಂದು ಕೈ ಈಗಲೂ ನನ್ನ ಕಣ್ಣ ಮುಂದೆ ಬರುತ್ತದೆ. ಆ ಕೈ ಇನ್ನು ನಾಲ್ಕು ಬೆರಳು ಕೆಳಗಿಳಿದಿದ್ದರೆ ನಾನು ದುಬೈಯ ಜೈಲಿನಲ್ಲಿರುತ್ತಿದ್ದೆ. ಇಳಿಯಲಿಲ್ಲ. ಹಾಗಾಗಿ ಹೆಮ್ಮಾಡಿಯ ನಮ್ಮ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಎರಡು ಸಾವಿರದ ಎಂಟರ ಸುಮಾರು ಇರಬೇಕು. ಅಕ್ಕನಿಗೆ ದುಬೈಯಲ್ಲೇ ಹೆರಿಗೆಯಾಗಿತ್ತು. ಬಾಣಂತನಕ್ಕೆ ಅಮ್ಮ ಹೋಗಬೇಕಿತ್ತು. ಮೀನಿನ ಬುಟ್ಟಿ ಹೊತ್ತು ವಂಡ್ಸೆಯವರೆಗೂ ಒಬ್ಬಳೇ ತಿರುಗುತ್ತಿದ್ದ ಅಮ್ಮ ವಿಮಾನವೆಂದರೆ ಮಾತ್ರ ಹೆದರಿಬಿಟ್ಟಳು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನಾನು ಹೊರಟೆ. ಅದುವರೆಗೆ ನಾನೊಬ್ಬಳೇ ಮಾಡಿದ ಪ್ರಯಾಣವೆಂದರೆ ಬಸ್ಸಿನಲ್ಲಿ ಕುಂದಾಪುರದ ಕಾಲೇಜಿಗೆ ಹೋಗಿ ಬಂದದ್ದು.

ಸೂಟ್‌ಕೇಸು ತುಂಬಿದವಳು ಅಮ್ಮ. ಇಲ್ಲಿ ಎಲ್ಲವೂ ಸಿಗುತ್ತದೆ, ಏನೂ ಕಳಿಸಬೇಡ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಆ ದೇಶದ ಅಕ್ಕಿ ತಿಂದರೆ ಬಾಣಂತಿಯ ಸೊಂಟ ಗಟ್ಟಿಯಾಗುವುದಿಲ್ಲ ಎಂದು ಹಳೆ ಸೀರೆಯಲ್ಲಿ ಚೀಲ ಹೊಲಿದು ಊರ ಕುಚ್ಚಲಕ್ಕಿ ತುಂಬಿದಳು. ನಮ್ಮಲ್ಲಿ ಅಕ್ಕಿ ಬರೀ ಉಣ್ಣುವುದಕ್ಕಲ್ಲ. ಒಡೆಯುವ ವಸ್ತು, ಇರುವೆ ಹತ್ತುವ ವಸ್ತು, ತಂಡಿ ಹಿಡಿಯುವ ವಸ್ತು ಯಾವುದಿದ್ದರೂ ಅಕ್ಕಿಯಲ್ಲಿ ಹುಗಿದಿಟ್ಟರೆ ಮಾತ್ರ ಮನಸ್ಸಿಗೆ ಸಮಾಧಾನ. ಮೊಟ್ಟೆಯೂ ಅಲ್ಲೇ, ಹಣ್ಣಾಗಬೇಕಾದ ಮಾವಿನಕಾಯಿಯೂ ಅಲ್ಲೇ, ಅಜ್ಜಿಯ ಕಿವಿಯೋಲೆಯೂ ಅಲ್ಲೇ. ಹಾಗೆ ಆ ಚೀಲದ ನಡುವೆ ಮಿಡಿ ಉಪ್ಪಿನಕಾಯಿಯ ಬಾಟಲಿ ಕುಳಿತಿತು. ಅದರ ಕೆಳಗೆ, ತಳದಲ್ಲಿ, ನನಗೆ ಹೇಳದೆ ಅಮ್ಮ ಒಂದು ಸಣ್ಣ ಗಂಟನ್ನೂ ಇಟ್ಟಿದ್ದಳು. ನಿದ್ದೆ ಬರುವುದಿಲ್ಲ ಎಂದು ಅಕ್ಕ ಗೋಳಾಡಿದ್ದಳಲ್ಲ, ಪಾಯಸ ಮಾಡಿ ಕುಡಿಯಲಿ ಎಂದು ಗಸಗಸೆ. ಅಫೀಮಿನ ಗಿಡದ ಬೀಜವೆಂದು ಅಲ್ಲಿ ಅದಕ್ಕೆ ನಿಷೇಧವಿದೆ, ಸಿಕ್ಕಿಬಿದ್ದರೆ ಜೈಲು ಎಂಬುದು ಅಮ್ಮನಿಗೂ ತಿಳಿದಿರಲಿಲ್ಲ, ಡಿಗ್ರಿ ಓದಿದ ನನಗೂ ತಿಳಿದಿರಲಿಲ್ಲ.

ಕುಂಭಾಶಿ ದಾಟುವಾಗ ಅಮ್ಮ ಕಾರಿನೊಳಗಿಂದಲೇ ಆನೆಗುಡ್ಡೆಯ ದೇವಸ್ಥಾನದ ಕಡೆ ಕೈಮುಗಿದಳು. ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನನ್ನು ಬದಿಗೆ ಕರೆದು ಹೇಳಿದಳು:

“ಕಾಣ್ ಹೆಣೆ, ಯಾರಾರೂ ಪಾರ್ಸೆಲ್ ಕೊಟ್ರೆ ತಕಣ್ಬೇಡ. ಒಳಗೆ ಎಂತ ಇತ್ತ್ ಅಂತ ಯಾರಿಗ್ ಗೊತ್ತ್?”

ಆ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ. ಸಾಲಿನಲ್ಲಿ ಹಿಂದಿದ್ದ ಬೈಂದೂರು ಕಡೆಯವರೊಬ್ಬರು ತಮ್ಮ ಬ್ಯಾಗು ಭಾರವಾಗಿದೆ, ಒಂದು ಹಪ್ಪಳದ ಕಟ್ಟು ನಿನ್ನದರಲ್ಲಿ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದರು. ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ವಿಮಾನ ಮೇಲೇರಿ ಕಡಲಿನ ಮೇಲೆ ಹೊರಳಿಕೊಂಡಾಗಲೂ ಹೆದರಲಿಲ್ಲ, ನನ್ನ ಜಾಣತನದ ಬಗ್ಗೆಯೇ ಯೋಚಿಸುತ್ತಿದ್ದೆ.

ದುಬೈಯಲ್ಲಿ ಇಳಿದದ್ದು ಮಧ್ಯಾಹ್ನ. ನಮ್ಮ ಇಡೀ ತಾಲೂಕಿನ ಜನ ಒಂದೇ ಕಡೆ ಸೇರಿದಂತಿದ್ದ ಆ ಹಜಾರದಲ್ಲಿ ಸೂಟ್‌ಕೇಸು ಯಂತ್ರದೊಳಗೆ ಹೋಗಿ ಬಂತು. ಅಲ್ಲಿನ ಅಧಿಕಾರಿ ಅದನ್ನು ಬದಿಯ ಮೇಜಿಗೆ ತರಲು ಹೇಳಿದ. ತೆರೆದೆ. ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದ. ಅಕ್ಕಿ ಎಂದೆ. ಇಲ್ಲಿ ಅಕ್ಕಿ ಸಿಗುವುದಿಲ್ಲವೇ ಎಂದ. ಅಕ್ಕ ಹೆತ್ತಿದ್ದಾಳೆ, ಅಮ್ಮ ಕಳಿಸಿದ್ದಾಳೆ ಎಂದೆ. ಅವನು ಚೀಲದ ಬಾಯಿ ಬಿಚ್ಚಿ ಕೈ ಇಳಿಸಿದ.

ಆಗ ನನಗೆ ನಾಚಿಕೆಯಾಗುತ್ತಿತ್ತು, ಅಷ್ಟೆ. ಸುತ್ತಲಿನವರೆಲ್ಲ ಹೊಳೆಯುವ ಬ್ಯಾಗು ಹಿಡಿದಿರುವಾಗ ನಮ್ಮದು ಹಳೆ ಸೀರೆಯ ಚೀಲವಾಯಿತಲ್ಲಾ ಎಂದು. ಅದನ್ನು ಮುಚ್ಚಿಕೊಳ್ಳಲು ನಗುತ್ತಾ ನಿಂತಿದ್ದೆ. ಈಗ ನೆನೆದಾಗ ಹೆದರಿಸುವುದು ಆ ನಗುವೇ. ಗಂಟು ಸಿಕ್ಕಿದ್ದರೆ ಅದು ಪಳಗಿದ ಕಳ್ಳಿಯ ನಗುವಾಗಿ ಕಾಣುತ್ತಿತ್ತು.

ಕೈ ನಿಂತಿತು. ಅವನ ಮುಖ ಬಿಗಿಯಾಯಿತು. ಮೆಲ್ಲಗೆ ಮೇಲೆತ್ತಿದಾಗ ಬಂದದ್ದು ಉಪ್ಪಿನಕಾಯಿ ಬಾಟಲಿ. ಬೆಳಕಿಗೆ ಹಿಡಿದು ನೋಡಿದ. “ಅಚಾರ್?” ಎಂದ. ತಲೆಯಾಡಿಸಿದೆ. ಹುಡುಕಿದ್ದು ಸಿಕ್ಕಿತು ಎನ್ನುವಂತೆ ಅವನ ಮುಖ ಸಡಿಲವಾಯಿತು. ಬಾಟಲಿಯನ್ನು ಮತ್ತೆ ಅಕ್ಕಿಯೊಳಗೆ ಒತ್ತಿ, ಹೋಗು ಎಂದು ಸನ್ನೆ ಮಾಡಿದ.

ಅಕ್ಕನ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಮಗುವನ್ನು ಮಲಗಿಸಿ ಅವಳು ಅಕ್ಕಿಯನ್ನು ಪಾತ್ರೆಗೆ ಸುರಿದಳು. ಕೊನೆಗೆ ಅಪ್ಪಯ್ಯನ ಮೀನುಬಲೆಯ ನೂಲಿನಲ್ಲಿ ಬಿಗಿದ ಗಂಟು ಬಿತ್ತು. ಬಿಚ್ಚಿ ನೋಡಿ, ಅಮ್ಮ ಗಸಗಸೆ ಕಳಿಸಿದ್ದಾಳೆ ಎಂದು ಸಂತೋಷಪಟ್ಟಳು. ಅಷ್ಟು ವರ್ಷ ಅಲ್ಲಿದ್ದರೂ ಅವಳಿಗೆ ಅದರ ಸುದ್ದಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಭಾವನಿಗೆ. ಅವರು ದಿನಸಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದವರು ಗಂಟು ಕಂಡು ಹಾಗೇ ನೆಲದ ಮೇಲೆ ಕುಳಿತರು.

“ಚೀಲ ಬಿಡ್ಸಿ ಕಂಡ್ರಾ ಅವ್ರ್?”

ಅಧಿಕಾರಿ ಕೈ ಇಳಿಸಿದ ಕಥೆಯನ್ನು ನಾನು ಉತ್ಸಾಹದಿಂದ ಹೇಳಿದೆ. ಭಾವ ನಗಲಿಲ್ಲ. ಅವರ ಗೆಳೆಯರ ಪೈಕಿ ಒಬ್ಬನ ಮಸಾಲೆ ಪೊಟ್ಟಣದಲ್ಲಿ ಒಂದು ಹಿಡಿ ಗಸಗಸೆಯೂ ಇರಲಿಲ್ಲವಂತೆ, ಆದರೂ ಅವನು ಇನ್ನೂ ಜೈಲಿನೊಳಗಿದ್ದಾನೆಂದರು. ಅದೂ ಪೊಟ್ಟಣದ ಮೇಲೆ ಹೆಸರು ಬರೆದಿದ್ದದ್ದು. ಇದೋ ಅಕ್ಕಿಯ ತಳದಲ್ಲಿ ಹುಗಿದಿಟ್ಟದ್ದು. ಇರುವೆ ಹತ್ತಬಾರದು ಎಂದು ಹಾಗಿಟ್ಟರೆಂದರೆ ಯಾವ ನ್ಯಾಯಾಧೀಶ ನಂಬುತ್ತಾನೆ?

ಬಾಗಿಲು ಹಾಕಿ, ಗಂಟನ್ನು ಕಕ್ಕಸಿಗೆ ಸುರಿದು ನೀರು ಬಿಟ್ಟೆವು. ಗಸಗಸೆ ಸುತ್ತು ಹಾಕಿ ಮತ್ತೆ ಮೇಲೆ ಬಂತು. ಬಕೆಟ್ಟಿನಲ್ಲಿ ಸುರಿದೆವು. ಮತ್ತೂ ತೇಲಿತು. ಬೆರಳ ತುದಿಗೆ, ಗೋಡೆಗೆ, ಭಾವನ ಪ್ಯಾಂಟಿಗೆಲ್ಲ ಅಂಟಿಕೊಂಡಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ, “ಮುಳ್ಗುದೇ ಇಲ್ಲೆ ಕಾಣ್. ಅಪ್ಪಯ್ಯನ ದೋಣಿಗಿಂತ ಇದೇ ಗಟ್ಟಿ” ಎಂದಳು. ನನಗೆ ಅಳು ಬರುತ್ತಿದ್ದದ್ದು ನಗುವಾಗಿ ಹೊರಬಂತು. ಅಕ್ಕನೂ ನಗತೊಡಗಿ, ಹೊಲಿಗೆ ನೋಯುತ್ತದೆ, ನಗಿಸಬೇಡಿ ಎಂದು ಹೊಟ್ಟೆ ಹಿಡಿದುಕೊಂಡಳು. ಭಾವ ಒದ್ದೆ ಹತ್ತಿಯಿಂದ ಸೂಟ್‌ಕೇಸಿನ ಮೂಲೆಮೂಲೆ ಒರೆಸಿದರು. ಅಕ್ಕಿಯನ್ನೂ ಎಸೆದುಬಿಡೋಣ ಎಂದದ್ದಕ್ಕೆ ಮಾತ್ರ ಅಕ್ಕ ಒಪ್ಪಲಿಲ್ಲ. ತೊಳೆದು ತೊಳೆದು ಗಂಜಿ ಬೇಯಿಸಿದೆವು. ಅಷ್ಟು ರುಚಿಯ ಗಂಜಿಯನ್ನು ನಾನು ಮತ್ತೆ ಉಂಡಿಲ್ಲ.

ಆಮೇಲೆ ಬಹಳ ದಿನ ಬಾಗಿಲಿನ ಗಂಟೆ ಬಾರಿಸಿದಾಗಲೆಲ್ಲ ನಾನು ಮೊದಲು ಕಕ್ಕಸಿಗೆ ಓಡಿ, ಒಂದು ಕಾಳಾದರೂ ತೇಲುತ್ತಿದೆಯೇ ಎಂದು ನೋಡುತ್ತಿದ್ದೆ. ಫೋನಿನಲ್ಲಿ ಆ ಹೆಸರೇ ಎತ್ತಬಾರದೆಂದು ಭಾವ ಹೇಳಿದ್ದರು. ಪಾಯಸ ಕುಡಿದೆಯಾ ಎಂದು ಅಮ್ಮ ಕೇಳಿದಾಗಲೆಲ್ಲ ಅಕ್ಕ ಮಗುವಿನ ಸುದ್ದಿಗೆ ಹೊರಳುತ್ತಿದ್ದಳು.

ಬಾಣಂತನ ಮುಗಿಸಿ ಊರಿಗೆ ಬಂದ ಮೇಲೆ ಎಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ಹಿತ್ತಲಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. ಅರ್ಧ ಕೊಯ್ದ ಮೀನನ್ನು ಕತ್ತಿಯಿಂದ ಹಿಂದೆಗೆದಳು.

“ನಿಂಗ್ ಎಂತಾರೂ ಆಯಿದ್ರೆ ನಾನ್ ಯಾರ್ ಹತ್ರ ಹೋಯಿ ಕೇಂಬುದ್ ಹೆಣೆ?”

ಏನೂ ಆಗಲಿಲ್ಲವಲ್ಲ, ಬಂದೆನಲ್ಲ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮೀನನ್ನು ಮತ್ತೆ ಕತ್ತಿಗೆ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತದೆ ಕೇಳಿದಳು:

“ಅಲ್ದಾ, ಅಕ್ಕಿಗೆ ಕೈ ಹಾಕುಕ್ ಮುಂಚೆ ಅವ ಕೈ ತೊಳ್ಕಂಡಿದ್ನಾ?”

ಆ ಕೈಯನ್ನು ಎಷ್ಟೋ ಸಲ ಕಣ್ಮುಂದೆ ತಂದುಕೊಂಡಿದ್ದೇನೆ, ಅದೊಂದನ್ನು ಮಾತ್ರ ಯೋಚಿಸಿರಲಿಲ್ಲ. ಗೊತ್ತಿಲ್ಲ ಎಂದೆ. ಅಮ್ಮನಿಗೆ ನಿಜಕ್ಕೂ ಬೇಸರವಾಯಿತು, ಅದು ಬಾಣಂತಿ ಉಣ್ಣುವ ಅಕ್ಕಿಯಲ್ಲವೇ ಎಂದು. ಅವಳು ಆ ಅಧಿಕಾರಿಯನ್ನು ಬೈಯುತ್ತಲೇ ಇದ್ದಳು. ನಾನು ಬಾವಿಕಟ್ಟೆಗೆ ಒರಗಿ ಕೇಳುತ್ತಾ ಕುಳಿತೆ. ಎದೆ ತುಂಬ ಉಸಿರು ಎಳೆದುಕೊಂಡು ಎಷ್ಟು ಕಾಲವಾಗಿತ್ತು ಎಂಬುದು ನನಗೆ ಆಗ ತಿಳಿಯಿತು.