ಹುಳು ಹಣ್ಣಾದ ದಿನ

"ರೀ, ಹುಳು ಹಣ್ಣಾಗಿವೆ, ಎದ್ದು ಬನ್ನಿ!" ಎಂದು ನಾನು ಹುಳುಮನೆಯಿಂದ ಕೂಗಿದಾಗ, ಮೇಷ್ಟ್ರ ಕೆಲಸದಿಂದ ರಿಟೈರಾಗಿದ್ದ ನಮ್ಮ ಯಜಮಾನರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಗ್ರೀಕ್ ಜ್ಞಾನಿಗಳ ಪುಸ್ತಕ ಓದುತ್ತಿದ್ದರು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ, ರೇಷ್ಮೆಹುಳುಗಳನ್ನು ಕೂಡಲೇ ಆಯ್ದು ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಬಿಡದಿದ್ದರೆ ಅವು ಸೊಪ್ಪಿನ ನಡುವೆಯೇ ಗೂಡು ಕಟ್ಟಿ ಹಾಳಾಗುತ್ತವೆ. ನಮ್ಮ ಶಿಡ್ಲಘಟ್ಟದ ಕಡೆ ಅಂಥ ದಿನ ಅಕ್ಕಪಕ್ಕದವರು ತಾವಾಗಿಯೇ ಓಡಿಬರುತ್ತಾರೆ. ಬಂದೂ ಇದ್ದರು. ಇವರು ಮಾತ್ರ ತಲೆಯೆತ್ತದೆ, "ಹುಳು ಯಾವಾಗ ಹಣ್ಣಾಗ್ತವೋ ಅದು ನಮ್ಮ ಹತೋಟಿಲಿಲ್ಲ ಕಣೇ. ಗಾಬರಿ ಬೀಳಬಾರ್ದು" ಎಂದರು. ಕರೆಂಟು ಹೋದರೂ, ನಲ್ಲಿ ನೀರು ನಿಂತರೂ ಇದೇ ಪಾಠ ಕೇಳಿ ಕೇಳಿ ಸಾಕಾಗಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

"ಆ ಕುರ್ಚಿ ಬಿಟ್ಟು ಏಳೋದು ಯಾರ ಹತೋಟಿಲಿದೆ?"

ಪಕ್ಕದ ಮನೆಯ ನರಸಮ್ಮ ಕಿಸಕ್ಕನೆ ನಕ್ಕಳು. ಇವರು ಪುಸ್ತಕ ಮಡಚಿಟ್ಟು, ಪಂಚೆ ಎತ್ತಿಕಟ್ಟಿ ಒಳಗೆ ಬಂದವರು ಸಂಜೆಯವರೆಗೂ ಹುಳು ಆಯ್ದರು. ಕೊನೆಯ ಚಂದ್ರಿಕೆ ತುಂಬಿದಾಗ ಮೆಲ್ಲಗೆ, "ರಿಟೈರಾದ್ಮೇಲೆ, ನಾನ್ಯಾಕೆ ಬದುಕಿದೀನಿ ಅಂತ ಕೇಳ್ಕೊಳ್ದೇ ಇದ್ದಿದ್ದು ಇವತ್ತೊಂದೇ ದಿನ ಕಣೇ" ಎಂದರು.

ನನ್ನ ಸಿಟ್ಟೇನೋ ಇಳಿಯಿತು. ಆದರೆ ಒಂದು ವಿಷಯ ಇಂದಿಗೂ ಕುಟುಕುತ್ತದೆ: ಆ ಪ್ರಶ್ನೆ ಕೇಳಿಕೊಳ್ಳಲು ನನಗೆ ಒಂದು ದಿನವೂ ಪುರುಸೊತ್ತು ಸಿಕ್ಕಿಲ್ಲವಲ್ಲ!